ಮಲಪ್ರಭೆಯ ಮೀನಿಗೆ ಲೆಕ್ಕ ಇಟ್ಟವರು ಯಾರು?

ಮಲಪ್ರಭಾ ಜಲಾಶಯದ ಗರಿಷ್ಠ ಮಟ್ಟ 2079.50 ಅಡಿ. ಸವದತ್ತಿ, ಬೈಲಹೊಂಗಲ, ರಾಮದುರ್ಗ ಕಡೆಯ ಯಾವ ಸ್ಟ್ರಿಂಗರ್‌ನನ್ನಾದರೂ ನಡುರಾತ್ರಿ ಎಬ್ಬಿಸಿ ಕೇಳಿ, ಪೂರ್ತಿ ಕಣ್ಣು ಬಿಡುವುದರೊಳಗೆ ಈ ಅಂಕಿ ಹೇಳುತ್ತಾನೆ. ಒಟ್ಟು ಸಾಮರ್ಥ್ಯ 37.73 ಟಿಎಂಸಿ ಎಂಬುದನ್ನೂ ಕೇಳದೆಯೇ ಸೇರಿಸುತ್ತಾನೆ. ಜುಲೈ ಬಂತೆಂದರೆ ಒಳಹರಿವು ಎಷ್ಟು, ಹೊರಹರಿವು ಎಷ್ಟು, ಕಳೆದ ವರ್ಷ ಇದೇ ದಿನ ಎಷ್ಟಿತ್ತು ಎಂಬ ಮೂರು ಸಾಲು ಕಳಿಸದೆ ನಮಗೆ ಬೆಳಗಿನ ಚಹಾ ಸೇರುವುದಿಲ್ಲ. ಸೆಂಟಿಮೀಟರ್ ಲೆಕ್ಕದಲ್ಲಿ ದುಡ್ಡು ಎಣಿಸುವ ನಮ್ಮಂಥವರಿಗೆ ಮಳೆಗಾಲದ ಖಾತ್ರಿ ಸುದ್ದಿ ಅದೊಂದೇ.

ಅದೇ ಸ್ಟ್ರಿಂಗರ್‌ನನ್ನು ಇನ್ನೊಂದು ಪ್ರಶ್ನೆ ಕೇಳಿ: ಆ ನೀರಿನೊಳಗೆ ಎಷ್ಟು ಜಾತಿಯ ಮೀನಿವೆ? "ರೋಹು, ಕಟ್ಲಾ..." ಎಂದು ಶುರು ಮಾಡಿ ಅಲ್ಲೇ ನಿಲ್ಲುತ್ತಾನೆ. ತಮಾಷೆ ಏನೆಂದರೆ ಅವನು ಹೇಳಿದ ಆ ಎರಡೂ ಮಲಪ್ರಭೆಯ ಮೀನುಗಳಲ್ಲ.

ಈ ನದಿಯ ಬಗ್ಗೆ ಕನ್ನಡದಲ್ಲಿ ಅಚ್ಚಾದ ಕಾಗದವನ್ನೆಲ್ಲ ಒಟ್ಟಿದರೆ ಒಂದು ಬಣವೆಯಾದೀತು. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ನಡೆದ ರೈತ ಬಂಡಾಯ ಇದೇ ಮಲಪ್ರಭೆಯ ನೀರಿನ ಕರಕ್ಕೆ ಸಂಬಂಧಿಸಿದ್ದು. ಕಳಸಾ-ಬಂಡೂರಿ ಹೋರಾಟ, ಮಹದಾಯಿ ನ್ಯಾಯಮಂಡಳಿ, 2018ರ ಆಗಸ್ಟಿನ ತೀರ್ಪು, ಅದರ ಮರುವರ್ಷ ಅದೇ ತಿಂಗಳು ರಾಮದುರ್ಗದ ಓಣಿಗಳಿಗೆ ನುಗ್ಗಿದ ಪ್ರವಾಹ, ಎಲ್ಲವೂ ಬರೆಯಲೇಬೇಕಾದ ಸುದ್ದಿಗಳು. ನಾನೂ ಬರೆದಿದ್ದೇನೆ. ಆದರೆ ಎಲ್ಲದರಲ್ಲೂ ನದಿ ಎಂದರೆ ನೀರು, ನೀರು ಎಂದರೆ ಟಿಎಂಸಿ. ಮಲಪ್ರಭೆಯ ಮೀನಿನ ಚರಿತ್ರೆ ಹುಡುಕಿಕೊಂಡು ಹೊರಟರೆ ಒಂಬೈನೂರು ವರ್ಷದಲ್ಲಿ ಕೈಗೆ ಸಿಗುವ ಬರವಣಿಗೆ ಬೆರಳೆಣಿಕೆಯಷ್ಟು. ಅದರಲ್ಲೂ ಹೆಚ್ಚಿನದು ಬೇರೆ ನದಿಗಳನ್ನು ನೋಡಿ ಬರೆದದ್ದು.

ನನಗೆ ಈ ಹುಡುಕಾಟ ಹಚ್ಚಿದವನು ಒಬ್ಬ ದೋಸ್ತ. ಅಂಬಿಗರ ಮನೆಯ ಹುಡುಗ, ಹೈಸ್ಕೂಲಿನಿಂದ ಜೊತೆಯವನು. ಈಗ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಅವರ ಅಪ್ಪನ ಕಾಲದವರೆಗೆ ಬಲೆ ಬೀಸುವುದೇ ಮನೆತನದ ಕೆಲಸ. ಇವನಿಗೆ ಗಾಳದ ಹುಚ್ಚು ಅಷ್ಟೇ ಉಳಿದಿದೆ. ಬೇಸಿಗೆಯಲ್ಲಿ ಹಿನ್ನೀರು ಇಳಿದು ಬಂಡೆಗಳು ಮೈ ತೋರಿಸಿದಾಗ, ರವಿವಾರ ನಸುಕಿನಲ್ಲಿ ನಾವಿಬ್ಬರೂ ಮುರಗೋಡದಿಂದ ಗಾಡಿ ಹೊಡೆಯುತ್ತೇವೆ. ಅವನ ಹತ್ತಿರ ಆನ್‌ಲೈನ್‌ನಲ್ಲಿ ತರಿಸಿದ ಫೈಬರ್ ಕೋಲು, ರೀಲು ಎಲ್ಲ ಇದೆ. ನನ್ನದು ಬಿದಿರ ಗಣೆ, ಟಂಗೂಸ ದಾರ, ಒಂದು ಬೆಂಡು. ಎರೆ ಮಾತ್ರ ಇಬ್ಬರದೂ ಒಂದೇ: ಶೇಂಗಾ ಹಿಂಡಿ ನೆನೆಸಿ, ಜೋಳದ ಹಿಟ್ಟು ಕಲಸಿ ಕಟ್ಟಿದ ಉಂಡೆ.

ಒಮ್ಮೆ ಒಂದು ಒಳ್ಳೆಯ ಕಟ್ಲಾ ಬಿತ್ತು. ಹೆಮ್ಮೆಯಿಂದ ಮನೆಗೆ ಒಯ್ದು ಅವರ ಅಪ್ಪನಿಗೆ ತೋರಿಸಿದೆವು. ಕಾಕಾ ಮೀನಿನ ದೊಡ್ಡ ತಲೆ ನೋಡಿ ನಕ್ಕರು. "ಇದು ಸರ್ಕಾರದ ಮೀನ ತಮ್ಮಾ. ಲಾರಿಯೊಳಗ ಬಂದದ್ದು. ಹೊಳಿ ಮೀನ ನೀವು ನೋಡೇ ಇಲ್ಲ ಬಿಡ್ರಿ" ಎಂದರು. ಹೊಳೆ ಮೀನು ಎಂದರೆ ಯಾವುವು ಎಂದು ಕೇಳಿದೆ. ಬೆರಳು ಮಡಚುತ್ತಾ ಎಣಿಸಿದರು. ಹದಿನೆಂಟೋ ಹತ್ತೊಂಬತ್ತೋ ಹೆಸರು ಹೇಳಿದರು. ಅವುಗಳಲ್ಲಿ ಬಾಳೆಮೀನು, ಹಾವುಮೀನು, ಕೊರವ ಇಂಥ ನಾಲ್ಕೈದು ಬಿಟ್ಟರೆ ನಮ್ಮಿಬ್ಬರಿಗೂ ಏನೂ ತಿಳಿಯಲಿಲ್ಲ. ಕಾಕಾನ ಹೆಸರುಗಳನ್ನು ಹಿಡಿದು ನಾನು ಪುಸ್ತಕಗಳ ಕಡೆ ಹೊರಟೆ.

ಮೊದಲು ಎದುರಾದದ್ದು ಒಬ್ಬ ಅರಸ.

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರ. ಬಿರುದು ಸರ್ವಜ್ಞ ಚಕ್ರವರ್ತಿ. ಯುದ್ಧಕ್ಕಿಂತ ಪುಸ್ತಕದಿಂದ ಹೆಸರಾದವನು. 1130ರ ಆಸುಪಾಸಿನಲ್ಲಿ ಅವನು ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ಕ್ಕೆ 'ಅಭಿಲಷಿತಾರ್ಥ ಚಿಂತಾಮಣಿ' ಎಂಬ ಇನ್ನೊಂದು ಹೆಸರೂ ಇದೆ. ನೂರು ಅಧ್ಯಾಯ, ಇಪ್ಪತ್ತು ಇಪ್ಪತ್ತರ ಐದು ಭಾಗ. ಅರಸನಾದವನು ತಿಳಿಯಬೇಕಾದದ್ದೆಲ್ಲ ಅದರಲ್ಲಿದೆ: ರಾಜ್ಯ ಗಳಿಸುವುದು, ಉಳಿಸಿಕೊಳ್ಳುವುದು, ಆನೆ ಹಿಡಿಯುವುದು, ಅಡಿಗೆ, ಸಂಗೀತ. ನಾವು ಬೆಳಿಗ್ಗೆ ತಿನ್ನುವ ಇಡ್ಲಿಯ ಅಜ್ಜಿಯಂತಿರುವ ತಿನಿಸು ಅದರ ಅಡಿಗೆ ಭಾಗದಲ್ಲಿದೆ ಎಂದು ಹೋಟೆಲ್ ಇತಿಹಾಸ ಬರೆಯುವವರೆಲ್ಲ ಉಲ್ಲೇಖಿಸುತ್ತಾರೆ. ಅದೇ ಭಾಗದಲ್ಲಿ ಮೀನಿನ ಅಡಿಗೆಯೂ ಇದೆ, ನದಿ ದಂಡೆಯ ಹೊಲದ ಇಲಿಯನ್ನು ಎಣ್ಣೆಯಲ್ಲಿ ಕರಿಯುವ ವಿಧಾನವೂ ಇದೆ. ಅದನ್ನು ಮಾತ್ರ ಯಾರೂ ಉಲ್ಲೇಖಿಸುವುದಿಲ್ಲ.

ನಾಲ್ಕನೆಯ ಭಾಗ ವಿನೋದಗಳದ್ದು. ಆನೆ, ಕುದುರೆ, ಕೋಳಿ ಜಗಳ, ಟಗರಿನ ಕಾಳಗ, ಬೇಟೆ ನಾಯಿ, ಗಿಡುಗ ಎಲ್ಲದರ ನಡುವೆ 'ಮತ್ಸ್ಯವಿನೋದ' ಎಂಬ ಅಧ್ಯಾಯ. ಗಾಳ ಹಾಕಿ ಮೀನು ಹಿಡಿಯುವ ಆಟದ ಪೂರ್ತಿ ಪಾಠ ಅದು. ಮೂವತ್ತೈದು ಬಗೆಯ ಮೀನುಗಳನ್ನು ಅರಸ ಹೆಸರಿಸುತ್ತಾನೆ. ಸಮುದ್ರದವು ಯಾವುವು, ಹೊಳೆಯವು ಯಾವುವು ಎಂದು ಬೇರ್ಪಡಿಸುತ್ತಾನೆ. ಹುರುಪೆ ಇರುವವು, ಬರೀ ಚರ್ಮದವು ಎಂದು ಮತ್ತೆ ಭಾಗ ಮಾಡುತ್ತಾನೆ. ಯಾವ ಮೀನು ದೊಡ್ಡದು, ಯಾವುದು ಸಣ್ಣದು, ಯಾವುದಕ್ಕೆ ಯಾವ ಮೇವು ಹಾಕಿ ಕೊಬ್ಬಿಸಬೇಕು, ಕೋಲು ಎಂಥದ್ದಿರಬೇಕು, ದಾರ ಹೇಗೆ ಹೊಸೆಯಬೇಕು, ಎರೆ ಯಾವುದು ಎಂದೆಲ್ಲ ಹೇಳುತ್ತಾನೆ. ಗಾಳ ಹಾಕುವ ದಿನಕ್ಕಿಂತ ಮೊದಲೇ ಮೀನಿಗೆ ಮೇವು ಹಾಕಿ ಜಾಗ ರೂಢಿ ಮಾಡಿಸುವ ಉಪಾಯ ನನ್ನ ದೋಸ್ತನಿಗೂ ಗೊತ್ತು. ಹಿಂದಿನ ದಿನ ಸಂಜೆ ಒಬ್ಬನೇ ಹೋಗಿ ಬಂಡೆಯ ಬುಡಕ್ಕೆ ಹಿಂಡಿ ಚೆಲ್ಲಿ ಬರುತ್ತಾನೆ. ಅದನ್ನು ಚಾಲುಕ್ಯ ಚಕ್ರವರ್ತಿಯ ವಿದ್ಯೆ ಎಂದು ಹೇಳಿದರೆ "ಚಕ್ರವರ್ತಿಗೆ ಯಾರ ಕಲಿಸಿದ್ರು? ನಮ್ಮ ಮುತ್ಯಾನ ಕಲಿಸಿರಬೇಕು" ಎಂದ.

ಅವನ ಮಾತನ್ನು ನಗೆಯಲ್ಲಿ ತೇಲಿಸಲು ನನಗೆ ಮನಸ್ಸಾಗಲಿಲ್ಲ. ಅರಸನೊಬ್ಬ ದಂಡೆಯಲ್ಲಿ ಕೂತು ಮೂವತ್ತೈದು ಮೀನು ಗುರುತಿಸುವುದನ್ನು ತಾನೇ ಕಂಡುಹಿಡಿದನೆಂದು ನಂಬುವುದು ಕಷ್ಟ. ಹೊಳೆಯಲ್ಲೇ ಬದುಕು ಮಾಡಿದವರು ಹೇಳಿದ್ದಾರೆ, ಆಸ್ಥಾನದವರು ಶ್ಲೋಕ ಕಟ್ಟಿದ್ದಾರೆ ಎಂದೇ ನನ್ನ ಊಹೆ. ಹೇಳಿದವರ ಹೆಸರು ಪುಸ್ತಕದಲ್ಲಿಲ್ಲ. ಆ ಕಾಲದ ನಮ್ಮ ಸವದತ್ತಿಯನ್ನು ನೋಡಿ: ಆಗ ಅದು ಸುಗಂಧವರ್ತಿ, ರಟ್ಟರ ರಾಜಧಾನಿ. ರಟ್ಟರು ಕಲ್ಯಾಣದ ಚಾಲುಕ್ಯರ ಸಾಮಂತರು. ಅಂದರೆ ಮತ್ಸ್ಯವಿನೋದ ಬರೆದವನು ಮಲಪ್ರಭೆಯ ಒಡೆಯನೂ ಹೌದು. ಈ ದಂಡೆಯ ಅಂಬಿಗನ ಮಾತು ಆ ಮೂವತ್ತೈದರಲ್ಲಿ ಒಂದಾದರೂ ಇದ್ದೀತು ಎಂದು ಆಸೆಪಡಲು ಇಷ್ಟು ಸಾಕು, ಸಾಧಿಸಲು ಸಾಲದು.

ಸೋಮೇಶ್ವರ ತೀರಿಕೊಂಡ ಕೆಲವೇ ದಶಕಗಳಲ್ಲಿ ಅದೇ ಕಲ್ಯಾಣದಲ್ಲಿ ಇನ್ನೊಂದು ಬಗೆಯ ಬರವಣಿಗೆ ಎದ್ದಿತು. ಅದರಲ್ಲಿ ಅಂಬಿಗ ತಾನೇ ಮಾತಾಡಿದ. ಅಂಬಿಗರ ಚೌಡಯ್ಯ ತುಂಗಭದ್ರೆಯ ದಂಡೆಯವನು, ಇಂದಿನ ಹಾವೇರಿ ಜಿಲ್ಲೆಯ ಚೌಡದಾನಪುರಕ್ಕೆ ಅವನದೇ ಹೆಸರು. ದೋಣಿ, ಹೊಳೆ, ದಡ ಎಲ್ಲ ಅವನ ಮಾತಿನ ಸಲಕರಣೆ. ಆದರೆ ಅವನಿಗೆ ಮೀನಿನ ಪಟ್ಟಿ ಮಾಡುವ ಪುರುಸೊತ್ತು ಇರಲಿಲ್ಲ, ಎದುರಿಗಿದ್ದ ಕೆಲಸ ಬೇರೆ ಇತ್ತು. ಹೀಗಾಗಿ ಹನ್ನೆರಡನೆಯ ಶತಮಾನದಲ್ಲಿ ಮೀನಿನ ಬಗ್ಗೆ ಅರಸ ಬರೆದ, ಅಂಬಿಗ ಮನುಷ್ಯರ ಬಗ್ಗೆ ಬರೆದ.

ವಾಟ್ಸಾಪ್ ಗುಂಪುಗಳಿಗೆ ಈ ಲೇಖನ ತಲುಪುವ ಮೊದಲೇ ಒಂದು ಮಾತು. ಗಾಳದ ಬಗ್ಗೆ ಜಗತ್ತಿನಲ್ಲೇ ಮೊದಲು ಬರೆದವರು ಕನ್ನಡ ನಾಡಿನವರು ಎಂದು ಯಾರೂ ಹಂಚಬೇಡಿ. ಮ್ಯಾಸಿಡೋನಿಯಾದ ಹೊಳೆಗಳಲ್ಲಿ ಗಾಳಕ್ಕೆ ಬಣ್ಣದ ಉಣ್ಣೆ, ಪುಕ್ಕ ಕಟ್ಟಿ ಮೀನು ಹಿಡಿಯುವುದನ್ನು ರೋಮಿನ ಏಲಿಯನ್ ಸುಮಾರು ಸಾವಿರದ ಎಂಟುನೂರು ವರ್ಷದ ಹಿಂದೆಯೇ ವರ್ಣಿಸಿದ್ದಾನೆ. ಆದರೆ ಗಾಳ ಹಾಕುವುದನ್ನೇ ಹವ್ಯಾಸ ಮಾಡಿಕೊಂಡು ಜಗತ್ತಿಗೆಲ್ಲ ಹಂಚಿದ ಇಂಗ್ಲಿಷರಲ್ಲಿ ಈ ವಿದ್ಯೆಯ ಮೊದಲ ಕೈಪಿಡಿ ಅಚ್ಚಾದದ್ದು 1496ರಲ್ಲಿ, ಐಸಾಕ್ ವಾಲ್ಟನ್ನನ ಹೆಸರಾಂತ ಪುಸ್ತಕ 1653ರಲ್ಲಿ. ಮಾನಸೋಲ್ಲಾಸ ಅವೆರಡಕ್ಕಿಂತಲೂ ಹಿರಿದು. ಅವರು ಅದರಿಂದ ಒಂದು ಪರಂಪರೆ ಕಟ್ಟಿಕೊಂಡರು. ನಮ್ಮಲ್ಲಿ ಆ ಅಧ್ಯಾಯಕ್ಕೆ ಎರಡನೆಯ ಅಧ್ಯಾಯ ಹುಟ್ಟಲಿಲ್ಲ. ಎಂಟುನೂರು ವರ್ಷದ ಮೇಲೆ, 1951ರಲ್ಲಿ, ಮೀನು ವಿಜ್ಞಾನಿ ಸುಂದರ್ ಲಾಲ್ ಹೋರಾ ಕಲ್ಕತ್ತದ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅದನ್ನು ವಿವರಿಸಿದ ಮೇಲೆಯೇ ಅದು ವಿದ್ವಾಂಸರ ಕಣ್ಣಿಗೆ ಬಿದ್ದದ್ದು.

ಅರಸನ ಪಟ್ಟಿಯಲ್ಲಿ 'ರೋಹಿತ' ಎಂಬ ಮೀನಿದೆ. ರೋಹು ಆಗಲೂ ಇತ್ತಲ್ಲ ಎಂದು ಖುಷಿಪಡುವಂತಿಲ್ಲ. ಇಂದು ಸಂತೆಯಲ್ಲಿ ಮಾರುವ ರೋಹು, ಕಟ್ಲಾ, ಮೃಗಾಲ್ ಮೂರೂ ಗಂಗಾ ಬಯಲಿನ ಹೊಳೆಗಳ ಮೀನುಗಳು, ಕೃಷ್ಣೆ ಕಾವೇರಿಗಳಿಗೆ ಮನುಷ್ಯ ತಂದು ಬಿಟ್ಟವು. ಸಂಸ್ಕೃತದಲ್ಲಿ ಕೆಂಪು ಛಾಯೆಯ ಮೀನಿಗೆಲ್ಲ ರೋಹಿತ ಎನ್ನುವುದು ಸುಲಭ. ಕೃಷ್ಣಾ ಕಣಿವೆಯಲ್ಲೇ ಅದರ ಸಮೀಪದ ದಾಯಾದಿಗಳು ಹಲವಿವೆ. ಹೆಸರೊಂದೇ ಉಳಿದರೆ ಹೀಗಾಗುತ್ತದೆ. ಹೆಸರಿನ ಜೊತೆ ಜಾಗ, ಗಾತ್ರ, ಚಿತ್ರ ಇರಬೇಕು.

ಚಿತ್ರ ಎಂದರೆ ಬಾದಾಮಿ ನೆನಪಾಗುತ್ತದೆ. ಮಲಪ್ರಭೆಯ ಕಣಿವೆಯ ಆ ಊರಿನ ಎರಡನೆಯ ಗುಹೆಯ ಛಾವಣಿಯಲ್ಲಿ ಹದಿನಾರು ಮೀನುಗಳು ಚಕ್ಕಡಿ ಗಾಲಿಯ ಕಡ್ಡಿಗಳಂತೆ ಸುತ್ತ ನಿಂತ ಕೆತ್ತನೆಯಿದೆ. ಆರನೆಯ ಶತಮಾನದ ಕೆಲಸ. ಪ್ರವಾಸಿಗರು ವಿಷ್ಣುವಿನ ಫೋಟೊ ತೆಗೆದು ಹೊರಡುತ್ತಾರೆ, ಕತ್ತು ಎತ್ತಿದವರಿಗೆ ಮಾತ್ರ ಮೀನು ಕಾಣುತ್ತವೆ. ಅಲಂಕಾರದ ಮೀನಾದ್ದರಿಂದ ಜಾತಿ ಕೇಳುವಂತಿಲ್ಲ.

ಎರಡನೆಯ ಪಟ್ಟಿ ಬರಲು ಏಳುನೂರು ವರ್ಷ ಬೇಕಾಯಿತು. ಈ ಸಲ ಬರೆದವನು ಕಂಪನಿ ಸರ್ಕಾರದ ಫೌಜಿನವನು, ವಿಲಿಯಂ ಹೆನ್ರಿ ಸೈಕ್ಸ್. 1824ರಲ್ಲಿ ಮುಂಬಯಿ ಸರ್ಕಾರ ಅವನನ್ನು ದಖ್ಖನಿನ ಅಂಕಿಸಂಖ್ಯೆ ಸಂಗ್ರಹಿಸಲು ನೇಮಿಸಿತು. ಆ ವರ್ಷದ ಅಕ್ಟೋಬರಿನಲ್ಲೇ ಕಿತ್ತೂರಿನ ಕೋಟೆ ಎದುರು ಕಲೆಕ್ಟರ್ ಥ್ಯಾಕರೆ ಬಿದ್ದದ್ದು. ಸೈಕ್ಸ್ ಕೆಲಸ ಮುಗಿಸಿ ಹಿಂದೂಸ್ತಾನ ಬಿಟ್ಟ 1831ರಲ್ಲಿ, ಜನವರಿ ತಿಂಗಳು, ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದರು. ಸಂಗೊಳ್ಳಿ ಇರುವುದೂ ಮಲಪ್ರಭೆಯ ದಂಡೆಯಲ್ಲೇ. ನಮ್ಮ ಭಾಗದವರು ಆ ಏಳು ವರ್ಷವನ್ನು ಚೆನ್ನಮ್ಮ, ರಾಯಣ್ಣನ ವರ್ಷಗಳೆಂದೇ ಓದುತ್ತೇವೆ. ಅದೇ ಏಳು ವರ್ಷ ಒಬ್ಬ ಸಾಹೇಬ ಭೀಮಾ ಮತ್ತು ಅದರ ಉಪನದಿಗಳ ದಂಡೆಯಲ್ಲಿ ಬೆಸ್ತರ ಬಲೆಯಿಂದ ಮೀನು ಎತ್ತಿಸಿ ಅಳೆಯುತ್ತಿದ್ದ, ಚಿತ್ರ ಬರೆಸುತ್ತಿದ್ದ. ಬೆಳಗಾವಿ ಸೀಮೆ ಆಗ ಧಾರವಾಡ ಜಿಲ್ಲೆಯಲ್ಲಿತ್ತು, ಧಾರವಾಡ ಅವನ ಲೆಕ್ಕದ ವ್ಯಾಪ್ತಿಯಲ್ಲೇ ಇತ್ತು. ಆದರೂ ಮೀನು ನೋಡಿದ್ದು ಹೆಚ್ಚಾಗಿ ಪುಣೆಯ ಸುತ್ತ.

ಸೈಕ್ಸ್ ಮಾಡಿದ ಒಂದು ಕೆಲಸ ನನಗೆ ಬಹಳ ಹಿಡಿಸಿತು. ಬೆಸ್ತರು ಮೀನಿಗೆ ಕರೆದ ಹೆಸರನ್ನೇ ತೆಗೆದುಕೊಂಡು ಲ್ಯಾಟಿನ್ ಹೆಸರಿನ ಬಾಲಕ್ಕೆ ಕಟ್ಟಿದ. ಖುದ್ರೀ, ಕೋಲಸ್, ಪೊಟೇಲ್, ಬೊಗಟ್, ಮುಳ್ಯಾ, ನುಕ್ತಾ. 1839ರಲ್ಲಿ ಅಚ್ಚಾದ ಈ ಹೆಸರುಗಳು ಇಂದಿಗೂ ಜಗತ್ತಿನ ಎಲ್ಲ ಮೀನು ಪುಸ್ತಕಗಳಲ್ಲಿ ನಿಂತಿವೆ. ಲಂಡನ್ನಿನ ಪಂಡಿತನೂ ಟೋಕಿಯೊದ ಪಂಡಿತನೂ ದಖ್ಖನಿನ ಮಹಶೀರ್ ಮೀನನ್ನು ಖುದ್ರೀ ಎಂದೇ ಬರೆಯಬೇಕು. ನುಕ್ತಾ ಎಂದರೆ ಮೂತಿಯ ಮೇಲೆ ಗುಬುಟು ಇರುವ ವಿಚಿತ್ರ ಮೀನು, ಕೃಷ್ಣಾ ಕಣಿವೆಯದ್ದು, ಈಗ ಅಳಿವಿನಂಚಿನ ಪಟ್ಟಿಯಲ್ಲಿದೆ. ಹೆಸರು ಕೊಟ್ಟ ಬೆಸ್ತನ ಹೆಸರು ಇಲ್ಲೂ ಇಲ್ಲ. ಆದರೆ ಅವನ ನಾಲಿಗೆಯಾದರೂ ಉಳಿಯಿತು. ಸೈಕ್ಸ್ ಇನ್ನೊಂದಿಷ್ಟು ತೆಂಕಣಕ್ಕೆ ಬಂದು ನಮ್ಮ ದಂಡೆಯಲ್ಲಿ ಕೂತಿದ್ದರೆ ಆ ಬಾಲದಲ್ಲಿ ಕಾಕಾನಂಥವರ ಕನ್ನಡವೂ ಇರುತ್ತಿತ್ತು ಎಂದು ಹೊಟ್ಟೆಕಿಚ್ಚಾಗುತ್ತದೆ.

ಇನ್ನು ಘಟ್ಟದ ಕೆಳಗಿನ ಮಾತು. ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ ಗಾಳದ ಮೇಲೆ ಬರೆದ ದೊಡ್ಡ ಪುಸ್ತಕ 1873ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. ಹಿಂದೂಸ್ತಾನದಲ್ಲಿದ್ದ ಇಂಗ್ಲಿಷ್ ಗಾಳಗಾರರಿಗೆಲ್ಲ ಅದು ದಾರಿದೀಪ. ಥಾಮಸ್ ಬರೀ ಆಟಗಾರನಲ್ಲ. ಸಣ್ಣ ಕಣ್ಣಿನ ಬಲೆ, ವಿಷ ಇವುಗಳಿಂದ ಹೊಳೆ ಹಾಳಾಗುತ್ತಿದೆ ಎಂದು ಸರ್ಕಾರಕ್ಕೆ ಬರೆದವನು. ಮದ್ದು ಸಿಡಿಸಿ, ವಿಷ ಬೆರೆಸಿ ಮೀನು ಕೊಲ್ಲುವುದನ್ನು ನಿಷೇಧಿಸಿದ ಕಾಯ್ದೆ 1897ರಲ್ಲಿ ಬಂತು. ಕಾಯ್ದೆಗೆ ನೂರಿಪ್ಪತ್ತೈದು ದಾಟಿದೆ. ಕ್ವಾರಿಯ ಮದ್ದು ಈಗಲೂ ಹೊಳೆಗೆ ಬೀಳುತ್ತದೆ. ನಾನು ಅದರ ಸುದ್ದಿ ಕಳಿಸಿದಾಗ ಒಳಪುಟದಲ್ಲಿ ನಾಲ್ಕು ಸಾಲು ಬಂತು, ಅದೂ ಒಬ್ಬನ ಕೈ ಹೋಗಿದ್ದರಿಂದ.

ಕರಾವಳಿಯ ಗಾಳವನ್ನು ಕಣ್ಣಾರೆ ನೋಡಬೇಕೆಂದು ದೋಸ್ತನೂ ನಾನೂ ಒಂದು ಸಲ ಕಾರವಾರಕ್ಕೆ ಹೋದೆವು. ಕಾಳಿ ನದಿ ಸಮುದ್ರ ಸೇರುವ ಕಡೆ, ಅಲೆ ಬಡಿಯುವ ಬಂಡೆಗಳ ಮೇಲೆ ಚೊಣಾಕ್ ಮೀನಿಗೆ ಕಾದು ಕೂತವರ ಪಕ್ಕ ನಾವೂ ಕೂತೆವು. ಇಂಗ್ಲಿಷಿನಲ್ಲಿ ಸೀಬಾಸ್ ಎನ್ನುವುದು ಇದನ್ನೇ. ಹೊಳೆಯ ಸಿಹಿನೀರಿಗೂ ಬರುತ್ತದೆ, ಮೊಟ್ಟೆ ಇಡಲು ಮಾತ್ರ ಸಮುದ್ರದ ಕಡೆ ಇಳಿಯುತ್ತದೆ. ಭರತ ತಿರುಗುವ ಹೊತ್ತಿಗೆ ಬಂಡೆಯ ಸಂದಿಗೆ ಬರುತ್ತದೆ ಎಂದು ಪಕ್ಕದಲ್ಲಿದ್ದ ಹಿರಿಯರು ಹೇಳಿಕೊಟ್ಟರು. ನಮಗೆ ಅಂದು ಬಿದ್ದದ್ದು ಬಿಸಿಲು ಮಾತ್ರ. ಮರಳುವಾಗ ಅನಮೋಡ ಘಟ್ಟದಲ್ಲಿ ದೋಸ್ತ ಕೇಳಿದ: "ಕಣಕುಂಬಿಯಿಂದ ಸಮುದ್ರ ಇಷ್ಟ ಹತ್ರ ಐತಿ. ನಮ್ಮ ಹೊಳಿ ಈ ಕಡೆ ಯಾಕ ಹರೀಲಿಲ್ಲೋ?"

ಒಳ್ಳೆಯ ಪ್ರಶ್ನೆ. ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ಪಶ್ಚಿಮ ಸಮುದ್ರಕ್ಕೆ ಹತ್ತಿರದಲ್ಲೇ. ಆದರೂ ಬೆನ್ನು ತಿರುಗಿಸಿ ಮೂಡಣಕ್ಕೆ ನಡೆದು, ಸುಮಾರು 300 ಕಿಲೋಮೀಟರ್ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರುತ್ತದೆ. ಪಕ್ಕದ ಕಾಡಿನಲ್ಲೇ ಹುಟ್ಟುವ ಮಹದಾಯಿ ಪಡುವಣಕ್ಕೆ ಇಳಿದು ಗೋವಾದಲ್ಲಿ ಮಾಂಡವಿಯಾಗುತ್ತದೆ, ಚೊಣಾಕ್ ಮೀನಿನ ಊರಾಗುತ್ತದೆ. ಒಂದೇ ಮಳೆ, ನಡುವೆ ಒಂದು ದಿಬ್ಬ, ಎರಡು ಬೇರೆ ಬೇರೆ ಮೀನಿನ ಲೋಕ. ಆ ದಿಬ್ಬ ದಾಟಿಸಿ ನೀರು ತರುವ ಜಗಳದಲ್ಲಿ ನಾನು ರೈತರ ಪರ, ನಮ್ಮ ಊರಿನ ನಲ್ಲಿಯ ಪರ. ಆದರೂ ಇಷ್ಟು ವರ್ಷದ ಆ ವಾದದಲ್ಲಿ ಎರಡೂ ಕಡೆಯ ಮೀನಿನ ಬಗ್ಗೆ ಒಂದು ಪ್ರಶ್ನೆಯನ್ನೂ ಯಾವ ಪತ್ರಿಕಾಗೋಷ್ಠಿಯಲ್ಲೂ ನಾನು ಕೇಳಿಲ್ಲ, ಕೇಳಿದ್ದನ್ನು ನೋಡಿಯೂ ಇಲ್ಲ.

ಕಾಕಾ ಹೇಳಿದ 'ಸರ್ಕಾರದ ಮೀನು' ಬಂದ ಬಗೆಗೆ ಬರೋಣ.

ನವಿಲುತೀರ್ಥದಲ್ಲಿ ಎರಡು ಗುಡ್ಡಗಳ ನಡುವಿನ ಇಕ್ಕಟ್ಟಿನಲ್ಲಿ ಹೊಳೆ ನುಸುಳುತ್ತಿತ್ತು. ಕಟ್ಟೆ ಹಾಕಲು ಇದಕ್ಕಿಂತ ಅಗ್ಗದ ಜಾಗ ಬೇಕೆಂದರೂ ಸಿಗದು: ಉದ್ದ ಬರೀ 154 ಮೀಟರ್, ಎತ್ತರ 40 ಮೀಟರ್. 1972ರ ಹೊತ್ತಿಗೆ ಕೆಲಸ ಮುಗಿದು ರೇಣುಕಾಸಾಗರವಾಯಿತು. ಆ ಕಟ್ಟೆಯಿಂದ ಹುಬ್ಬಳ್ಳಿ-ಧಾರವಾಡ ನೀರು ಕುಡಿಯುತ್ತದೆ, ಒಣ ನೆಲ ಹಸಿರಾಗಿದೆ. ಕಟ್ಟೆ ಬೇಡವಿತ್ತು ಎನ್ನುವ ಮಾತು ನನ್ನದಲ್ಲ. ಆದರೆ ಹೊಳೆಯ ಮೀನಿಗೆ ಕೆರೆಯ ಬದುಕು ಬೇರೆ. ಮಹಶೀರ್ ಮತ್ತು ಗೆಂಡೆ ಜಾತಿಯ ಎಷ್ಟೋ ಮೀನುಗಳು ಮೊದಲ ಕೆಂಪು ನೀರು ಬಂದಾಗ ಹರಿವಿಗೆ ಎದುರು ಈಜಿ, ಮೇಲಿನ ಗರಸು ನೆಲದಲ್ಲಿ ಮೊಟ್ಟೆ ಇಡುತ್ತವೆ. ಅವಕ್ಕೆ ಹರಿಯುವ ನೀರು ಬೇಕು, ದಾರಿ ಬೇಕು. ದಾರಿಗೆ ಗೋಡೆ ಬಂತು. ಗೋಡೆಯ ಕೆಳಗೆ ಬೇಸಿಗೆಯಲ್ಲಿ ಹೊಳೆಯೇ ಇಲ್ಲ, ಉಸುಕು ಇದೆ. ಆ ಉಸುಕೂ ಈಗ ಟ್ರ್ಯಾಕ್ಟರ್ ಹತ್ತಿದೆ.

ನಿಂತ ನೀರು ತುಂಬಿಸಲು ಮೀನುಮರಿ ಬೇಕಲ್ಲ? 1957ರ ಜುಲೈ 10ರಂದು ಕಟಕ್‌ನಲ್ಲಿ ಹೀರಾಲಾಲ್ ಚೌಧುರಿ ಮತ್ತು ಆಲಿಕುಂಞಿ ಎಂಬ ವಿಜ್ಞಾನಿಗಳು ಗಂಗಾ ಬಯಲಿನ ಗೆಂಡೆಗಳಿಗೆ ಗ್ರಂಥಿಯ ರಸದ ಚುಚ್ಚುಮದ್ದು ಕೊಟ್ಟು ಕೊಳದಲ್ಲೇ ಮೊಟ್ಟೆ ಇಡಿಸಿದರು. ಅಲ್ಲಿಯವರೆಗೆ ಮರಿ ಬೇಕೆಂದರೆ ಪ್ರವಾಹದ ಹೊಳೆಯಲ್ಲಿ ಬಲೆ ಒಡ್ಡಿ ಹಿಡಿಯಬೇಕಿತ್ತು. ಆ ದಿನವನ್ನು ದೇಶ ಇಂದು ಮೀನು ಕೃಷಿಕರ ದಿನವೆಂದು ಆಚರಿಸುತ್ತದೆ, ಆಚರಿಸುವಂಥದ್ದೇ. ಬಡವರ ತಾಟಿಗೆ ಮೀನು ಬಂದದ್ದು ಅದರಿಂದ. ಆಮೇಲೆ ದೇಶದ ಯಾವ ಡ್ಯಾಂ ನೋಡಿದರೂ ಅದೇ ಮೂರು ಮೀನು. ಅವುಗಳ ಜೊತೆಗೆ 1952ರಲ್ಲಿ ದೇಶಕ್ಕೆ ಬಂದ ಆಫ್ರಿಕಾದ ತಿಲಾಪಿಯಾ, ನಮ್ಮವರ ಬಾಯಲ್ಲಿ ಜಿಲೇಬಿ. ಹಿನ್ನೀರಿನಲ್ಲಿ ಹತ್ತು ಸಲ ಬೆಂಡು ಮುಳುಗಿದರೆ ಏಳು ಸಲ ಮೇಲೆ ಬರುವುದು ಜಿಲೇಬಿಯೇ. ರುಚಿ ಕೆಟ್ಟದ್ದಲ್ಲ. ಆದರೆ ದೋಸ್ತ ಅದನ್ನು ಬಿಡಿಸುವಾಗ ಮಾಡುವ ಮುಖ ನೋಡಬೇಕು.

ಹಾಗಾದರೆ 1972ರ ಮೊದಲು ಇಲ್ಲಿ ಏನಿತ್ತು, ಎಷ್ಟಿತ್ತು, ಯಾವುದು ಯಾವಾಗ ಹೋಯಿತು? ಕಾಕಾನ ಹತ್ತೊಂಬತ್ತು ಹೆಸರು ಬಿಟ್ಟು ನನ್ನ ಕೈಯಲ್ಲಿ ಕಾಗದವಿಲ್ಲ. ಇದರಿಂದ ಏನು ನಷ್ಟ ಎಂಬುದು ನನಗೆ ಅರ್ಥವಾದದ್ದು ಕಾವೇರಿಯ ಕಥೆ ಓದಿದಾಗ.

ಕಬಿನಿಯಲ್ಲಿ 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಒಬ್ಬರು 120 ಪೌಂಡಿನ ಮಹಶೀರ್ ಹಿಡಿದದ್ದು ಗಾಳಗಾರರ ಲೋಕದಲ್ಲಿ ದಂತಕಥೆ. ಅದು ಬೆನ್ನು ಗುಬುಟಿನ, ಕಾವೇರಿ ಕಣಿವೆಗಷ್ಟೇ ಸೇರಿದ ಮಹಶೀರ್. ಮುಂದೆ ಭೀಮೇಶ್ವರಿ, ಗಾಳಿಬೋರೆಗಳಲ್ಲಿ ಶಿಬಿರಗಳಾದವು. ಹಿಡಿದ ಮೀನನ್ನು ತೂಗಿ, ಬರೆದು, ಮತ್ತೆ ಹೊಳೆಗೆ ಬಿಡುವ ಪದ್ಧತಿ. ಗಾಳಿಬೋರೆಯಲ್ಲಿ 1998ರಿಂದ 2012ರವರೆಗೆ ಗಾಳಗಾರರು ಬರೆದಿಟ್ಟ ಪುಸ್ತಕಗಳು ಉಳಿದಿದ್ದವು: ಯಾರು, ಎಷ್ಟು ತಾಸು ಕೂತರು, ಯಾವ ಮೀನು, ಎಷ್ಟು ತೂಕ. ಆರು ಸಾವಿರಕ್ಕೂ ಹೆಚ್ಚು ಮಹಶೀರ್‌ಗಳ ಲೆಕ್ಕ. ವಿಜ್ಞಾನಿಗಳು ಆ ಪುಸ್ತಕಗಳನ್ನು ಕೂಡಿಸಿ ಕಳೆದು 2015ರಲ್ಲಿ ಪ್ರಕಟಿಸಿದರು. ಒಟ್ಟು ಮಹಶೀರ್‌ಗಳ ಸಂಖ್ಯೆ ಏರಿತ್ತು. ಆದರೆ ಅವುಗಳಲ್ಲಿ ಗುಬುಟಿನ ಮೀನು ಕುಸಿಯುತ್ತಾ ಇಲ್ಲವೆನ್ನುವ ಮಟ್ಟಕ್ಕೆ ಇಳಿದಿತ್ತು. ಅದರ ಜಾಗದಲ್ಲಿ ತುಂಬಿದ್ದು ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್. 2018ರಲ್ಲಿ ಗುಬುಟಿನ ಮೀನಿನ ಸರಿಯಾದ ವೈಜ್ಞಾನಿಕ ಹೆಸರು ಗೊತ್ತಾಯಿತು, ಅದೇ ವರ್ಷ ಅದು ತೀರಾ ಅಪಾಯದ ಪಟ್ಟಿಗೂ ಸೇರಿತು.

ಆ ಹೊರಗಿನ ಮೀನು ಯಾವುದು? ಸೈಕ್ಸ್ ಹೆಸರಿಟ್ಟ ಖುದ್ರೀ ಎಂದೇ ಗುರುತಿಸುತ್ತಾರೆ. ಲೋಣಾವಳದ ಮರಿಕೇಂದ್ರದಲ್ಲಿ 1970ರ ದಶಕದಿಂದ ಬೆಳೆಸಿ ದೇಶದ ಹಲವೆಡೆ ಹಂಚಿದ ದಖ್ಖನಿನ ಮಹಶೀರ್. ಕೃಷ್ಣಾ ಕಣಿವೆಯಲ್ಲಿ ಮನೆಮಗನಾಗಿದ್ದ ಮೀನು ಕಾವೇರಿಯಲ್ಲಿ ಒಕ್ಕಲೆಬ್ಬಿಸುವ ಪರದೇಶಿ. ಒಳ್ಳೆಯ ಮನಸ್ಸಿನಿಂದಲೇ ಬಿಟ್ಟರು, ಮಹಶೀರ್ ಉಳಿಯಲಿ ಎಂದೇ ಬಿಟ್ಟರು. ಯಾವ ಹೊಳೆಗೆ ಯಾವ ಮಹಶೀರ್ ಎಂಬ ಪಟ್ಟಿ ಆಗ ಯಾರ ಮೇಜಿನ ಮೇಲೂ ಇರಲಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇದು. ಹವ್ಯಾಸಕ್ಕೆ ಬಂದು ಕೂತವರ ರೂಲ್ ಹಾಳೆಗಳಿಲ್ಲದಿದ್ದರೆ ಒಂದು ಇಡೀ ಜಾತಿ ಕರಗುತ್ತಿರುವುದು ಗೊತ್ತೇ ಆಗುತ್ತಿರಲಿಲ್ಲ. ಹೊಳೆಯಲ್ಲಿ ಮಹಶೀರ್ ಹೆಚ್ಚಿದೆ ಎಂದು ಎಲ್ಲರೂ ಖುಷಿಯಾಗಿರುತ್ತಿದ್ದರು. ಮಲಪ್ರಭೆಯಲ್ಲಿ ಅಂಥ ಹಾಳೆ ಇಲ್ಲ. ಹಿಡಿದು ಬದುಕಿದವರಿಗೆ ಬರೆಯುವ ರೂಢಿ ಇರಲಿಲ್ಲ, ಬರೆಯುವ ರೂಢಿ ಇದ್ದವರಿಗೆ ಮೀನು ಹಿಡಿಯುವವರ ಓಣಿಗೆ ಹೋಗುವುದು ಕಡಿಮೆ ಅನ್ನಿಸಿತು. ಈ ಎರಡನೆಯ ಗುಂಪಿನಲ್ಲಿ ನಮ್ಮ ಪತ್ರಿಕೋದ್ಯಮವನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಡಿಪ್ಲೊಮಾದಲ್ಲಿ ನಮಗೆ ಕೃಷಿ ವರದಿಗಾರಿಕೆಗೆ ಒಂದು ಪೂರ್ತಿ ಪತ್ರಿಕೆ ಇತ್ತು. ಅದರಲ್ಲಿ ಮೀನು ಎಂಬ ಶಬ್ದ ಬಂದ ನೆನಪಿಲ್ಲ.

ಈಗ ಒಂದು ನೂರು ಪುಟದ ನೋಟ್‌ಬುಕ್ ತಂದಿದ್ದೇವೆ. ತಾರೀಕು, ಜಾಗ, ಅಂದಿನ ಜಲಾಶಯದ ಮಟ್ಟ (ಅದಂತೂ ನನ್ನ ಫೋನಿನಲ್ಲೇ ಇರುತ್ತದೆ), ಎರೆ, ಕೂತ ತಾಸು, ಮೀನು, ಉದ್ದ, ಕಾಕಾ ಹೇಳಿದ ಹೆಸರು. ಮೊಬೈಲಿನಲ್ಲಿ ಪಕ್ಕಕ್ಕೆ ಸ್ಕೇಲ್ ಇಟ್ಟು ಫೋಟೊ. ಏನೂ ಬೀಳದ ದಿನವನ್ನೂ ಬರೆಯುತ್ತೇವೆ. ಗಾಳಿಬೋರೆಯ ಲೆಕ್ಕ ನಿಂತದ್ದೇ ಕೂತ ತಾಸಿಗೆ ಎಷ್ಟು ಮೀನು ಎಂಬುದರ ಮೇಲೆ, ಸೊನ್ನೆ ಬರೆಯದಿದ್ದರೆ ಆ ಭಾಗಾಕಾರ ಆಗುವುದಿಲ್ಲ. ದೋಸ್ತನಿಗೆ ಇದು ನಾಚಿಕೆಯ ವಿಷಯ. "ಲೇ, ಹಂಗ ಬರದ್ರ ನಾ ಬರೇ ಸೊನ್ನಿ ಹಿಡದಂಗ ಕಾಣ್ತೈತಲ್ಲೋ" ಎನ್ನುತ್ತಾನೆ. ಮೇ ತಿಂಗಳ ನಾಲ್ಕು ರವಿವಾರಗಳಲ್ಲಿ ಮೂರು ಸೊನ್ನೆಯೇ. ನಾಲ್ಕನೆಯದರಲ್ಲಿ ಜಿಲೇಬಿ ಆರು, ಗೇಣುದ್ದದ ಒಂದು ಕೊರವ.

ಕಾಕಾನ ಹತ್ತೊಂಬತ್ತರಲ್ಲಿ ಇಲ್ಲಿಯವರೆಗೆ ನೋಟ್‌ಬುಕ್ಕಿಗೆ ಬಂದದ್ದು ಐದು. ಉಳಿದ ಹದಿನಾಲ್ಕನ್ನು ಹಿಂದಿನ ಪುಟದಲ್ಲಿ ಬರೆದುಕೊಂಡಿದ್ದೇವೆ, ಪ್ರತಿಯೊಂದರ ಮುಂದೆ ಅವರು ಅದನ್ನು ಕಡೆಯ ಸಲ ಎಲ್ಲಿ ನೋಡಿದ್ದು ಎಂಬ ಖಾನೆ. "ಡ್ಯಾಂ ತುಂಬೂದಕಿಂತ ಮೊದಲ" ಎಂದು ಒಂಬತ್ತರ ಮುಂದೆ ಬರೆಸಿದರು. ಮೂರರ ಮುಂದೆ ಖಾನಾಪುರದ ಮೇಲೆ ಕಾಡಿನ ಕಡೆ ಈಗಲೂ ಇದ್ದೀತು ಎಂದರು. ಎರಡಕ್ಕೆ ಏನೂ ಹೇಳಲಿಲ್ಲ. ಮಳೆ ಶುರುವಾಗುವ ಮೊದಲು ಒಂದು ಸಲ ಅವರನ್ನು ಹಿಂದೆ ಕೂರಿಸಿಕೊಂಡು ಖಾನಾಪುರದ ಮೇಲ್ಗಡೆ ಹೋಗಿ ಬರಬೇಕೆಂದಿದ್ದೇವೆ.